ಒಂದೇ ಹಳಿಯ ಮೇಲೆ ಎರಡು ಬಗೆಯ ರೈಲು: ಡಿಸ್ಕಿನ ಮಾಹಿತಿ ಈಥರ್ನೆಟ್‌ನಲ್ಲಿ ಸಾಗುವುದು ಹೇಗೆ?

ಅಜ್ಜಂಪುರ ತಾಲೂಕಿನ ರೈತರೊಬ್ಬರ ಎರಡು ಎಕರೆ ಜಮೀನು ಮಗಳ ಹೆಸರಿಗೆ ಬದಲಾಗುತ್ತಿದೆ ಎಂದುಕೊಳ್ಳಿ. ಅರ್ಜಿ, ನೋಟಿಸು, ವಿಚಾರಣೆ ಎಲ್ಲ ಮುಗಿದಿದೆ. ಕಚೇರಿಯ ಸಿಬ್ಬಂದಿ ಕೊನೆಯ ಗುಂಡಿಯನ್ನು ಒತ್ತುತ್ತಾರೆ, ದಾಖಲೆ ಉಳಿಯಿತು ಎಂದು ಪರದೆಯ ಮೇಲೆ ಬರುತ್ತದೆ. ಉಳಿದದ್ದು ಎಲ್ಲಿ? ಆ ಕೋಣೆಯ ಕಂಪ್ಯೂಟರಿನಲ್ಲಂತೂ ಅಲ್ಲ. ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದ ಡಿಸ್ಕುಗಳಲ್ಲಿ.

ಹಿಂದೆ ಹೀಗಿರಲಿಲ್ಲ. 2001–02ರ ಹೊತ್ತಿಗೆ 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಬಂದಾಗ ಪ್ರತಿ ತಾಲೂಕು ಕಚೇರಿಯಲ್ಲೂ ಒಂದು ಸರ್ವರ್ ಇತ್ತು. ಕಡೂರಿನದು ಕಡೂರಿನಲ್ಲಿ, ತರೀಕೆರೆಯದು ತರೀಕೆರೆಯಲ್ಲಿ. ಅಜ್ಜಂಪುರ ಆಗ ತರೀಕೆರೆ ತಾಲೂಕಿಗೇ ಸೇರಿತ್ತು. ಡಿಸ್ಕು ಸರ್ವರಿನ ಪೆಟ್ಟಿಗೆಯೊಳಗೇ, ಒಂದು ಗೇಣು ಕೇಬಲ್ಲಿನ ತುದಿಯಲ್ಲಿ ಕೂತಿರುತ್ತಿತ್ತು. ಈಗ ದೊಡ್ಡ ದತ್ತಾಂಶ ಕೇಂದ್ರಗಳಲ್ಲಿ ಸರ್ವರ್ ಒಂದು ಕಡೆ, ಡಿಸ್ಕುಗಳ ಬೀರು ಇನ್ನೊಂದು ಕಡೆ. ನಡುವೆ ಜಾಲ. ಆ ಜಾಲ ಯಾವುದಾಗಿರಬೇಕು ಎಂಬ ಪ್ರಶ್ನೆಗೆ ಎಂಜಿನಿಯರುಗಳು ಇಪ್ಪತ್ತು ವರ್ಷ ತಲೆ ಕೆಡಿಸಿಕೊಂಡಿದ್ದಾರೆ. ದ್ವಿತೀಯ ಪಿಯುಸಿ ಪಠ್ಯದಲ್ಲಿ ಸ್ವಿಚ್, ಮ್ಯಾಕ್ ವಿಳಾಸ, ಟಿಸಿಪಿ ಓದುವವರಿಗೆ ಈ ಕಥೆ ಅರ್ಥವಾಗದ್ದೇನಲ್ಲ.

ಮೊದಲು ಡಿಸ್ಕಿನ ಸ್ವಭಾವ ನೋಡೋಣ. ಡಿಸ್ಕಿಗೆ ಫೈಲು, ಫೋಲ್ಡರು, ಪಹಣಿ ಯಾವುದೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಬ್ಲಾಕು ಮಾತ್ರ. 512 ಅಥವಾ 4096 ಬೈಟುಗಳ ಒಂದೊಂದು ಖಾನೆ, ಪ್ರತಿ ಖಾನೆಗೆ ಒಂದು ಸಂಖ್ಯೆ. 'ಇಂತಿಷ್ಟನೇ ಖಾನೆಯಿಂದ ಇಷ್ಟು ಖಾನೆ ಓದು', 'ಇಂತಿಷ್ಟನೇ ಖಾನೆಯಲ್ಲಿ ಇದನ್ನು ಬರೆ' ಎನ್ನುವುದೇ ಅದರ ಭಾಷೆ. ಆ ಭಾಷೆಯ ಹೆಸರು ಸ್ಕಸಿ, 1986ರಲ್ಲಿ ಮಾನಕವಾಯಿತು. ಅದನ್ನು ರೂಪಿಸಿದಾಗ ಮನಸ್ಸಿನಲ್ಲಿದ್ದದ್ದು ಪೆಟ್ಟಿಗೆಯೊಳಗಿನ ಗಿಡ್ಡ ಕೇಬಲ್. ಒಂದು ತುದಿಯಲ್ಲಿ ಹಾಕಿದ್ದು ಇನ್ನೊಂದು ತುದಿಗೆ ಬಂದೇ ಬರುತ್ತದೆ, ಹಾಕಿದ ಕ್ರಮದಲ್ಲೇ ಬರುತ್ತದೆ ಎಂಬ ನಂಬಿಕೆ ಅದರ ರಕ್ತದಲ್ಲೇ ಇದೆ. ಕಳುಹಿಸಿದ್ದು ದಾರಿಯಲ್ಲಿ ಕಳೆದುಹೋದರೆ ಸ್ಕಸಿ ಬಹಳ ಹೊತ್ತು ಕಾದು, ಆಮೇಲೆ ಇಡೀ ಆದೇಶವನ್ನೇ ರದ್ದು ಮಾಡಿ ಮೊದಲಿನಿಂದ ಶುರು ಮಾಡುತ್ತದೆ. ಅಷ್ಟರಲ್ಲಿ ಮೇಲಿನ ತಂತ್ರಾಂಶ ಕೈಕಟ್ಟಿ ಕೂತಿರಬೇಕು, ಇಲ್ಲವೇ ದೋಷ ಎಂದು ಕೆಲಸ ನಿಲ್ಲಿಸಬೇಕು.

ಈ ನಂಬಿಕೆಗೆ ಭಂಗ ಬಾರದಂತೆ ಡಿಸ್ಕನ್ನು ದೂರ ಒಯ್ಯಲು ಕಟ್ಟಿದ ಪ್ರತ್ಯೇಕ ಜಾಲವೇ ಫೈಬರ್ ಚಾನೆಲ್. 1994ರಲ್ಲಿ ಮಾನಕವಾಯಿತು. ಅದರ ಗುಟ್ಟನ್ನು ತಿಳಿಯಲು ನಮ್ಮ ರೈಲು ನಿಲ್ದಾಣಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಬೀರೂರಿನಿಂದ ತರೀಕೆರೆ ಮಾರ್ಗವಾಗಿ ಶಿವಮೊಗ್ಗದ ಕಡೆಗೆ ಒಂಟಿ ಹಳಿ ಹೋಗುತ್ತದೆ. ಅಲ್ಲಿ ಒಂದು ನಿಲ್ದಾಣದಿಂದ ರೈಲು ಹೊರಡಬೇಕಾದರೆ ಮುಂದಿನ ನಿಲ್ದಾಣ 'ಲೈನ್ ಕ್ಲಿಯರ್' ಕೊಡಬೇಕು. ಮುಂದೆ ಜಾಗವಿಲ್ಲದಿದ್ದರೆ ರೈಲು ನಿಂತಲ್ಲೇ ನಿಲ್ಲುತ್ತದೆ. ತಡವಾಗುತ್ತದೆ, ಪ್ರಯಾಣಿಕರು ಗೊಣಗುತ್ತಾರೆ, ಆದರೆ ಜಾಗವಿಲ್ಲ ಎಂದು ರೈಲನ್ನು ಹಳಿಯಿಂದ ಹೊರಗೆ ತಳ್ಳುವುದಿಲ್ಲ. ಹಿಂದಿನ ಕಾಲದಲ್ಲಿ ಒಂಟಿ ಹಳಿಯ ಮಾರ್ಗಗಳಲ್ಲಿ ಚಾಲಕನ ಕೈಗೆ ಲೋಹದ ಟೋಕನ್ ಚೆಂಡನ್ನೇ ಕೊಡುತ್ತಿದ್ದರು. ಅದು ಕೈಯಲ್ಲಿಲ್ಲದೆ ಹೊರಡುವಂತಿರಲಿಲ್ಲ.

ಫೈಬರ್ ಚಾನೆಲ್ ಮಾಡುವುದೂ ಇದನ್ನೇ. ಎರಡು ಸಾಧನಗಳು ಜೋಡಣೆಯಾದ ಕೂಡಲೇ 'ನನ್ನಲ್ಲಿ ಇಷ್ಟು ಫ್ರೇಮಿಗೆ ಜಾಗವಿದೆ' ಎಂದು ಒಂದು ಇನ್ನೊಂದಕ್ಕೆ ಹೇಳುತ್ತದೆ. ಅದನ್ನು ಕ್ರೆಡಿಟ್ ಎನ್ನುತ್ತಾರೆ. ಒಂದು ಫ್ರೇಮ್ ಕಳುಹಿಸಿದರೆ ಒಂದು ಕ್ರೆಡಿಟ್ ಖರ್ಚು, ಆ ಕಡೆ ಜಾಗ ಖಾಲಿಯಾದಾಗ ಒಂದು ಕ್ರೆಡಿಟ್ ವಾಪಸು. ಕ್ರೆಡಿಟ್ ಸೊನ್ನೆಯಾದರೆ ಕಳುಹಿಸುವವನು ಸುಮ್ಮನಿರಬೇಕು. ಹಾಗಾಗಿ ಜಾಗವಿಲ್ಲ ಎಂಬ ಕಾರಣಕ್ಕೆ ಫ್ರೇಮ್ ಕಳೆದುಹೋಗುವ ಪ್ರಶ್ನೆಯೇ ಇಲ್ಲ.

ಈಥರ್ನೆಟ್ಟಿನ ಹುಟ್ಟುಗುಣ ಬೇರೆ. 1973ರ ಮೇ ತಿಂಗಳಲ್ಲಿ ಜೆರಾಕ್ಸ್ ಸಂಶೋಧನಾಲಯದ ಬಾಬ್ ಮೆಟ್‌ಕಾಫ್ ಇದನ್ನು ಬರಹದಲ್ಲಿ ಮಂಡಿಸಿದರು. ಭೌತಶಾಸ್ತ್ರದ ವಿದ್ಯಾರ್ಥಿಗಳು ಕೇಳಿರುವ 'ಈಥರ್' ಎಂಬ ಪದದಿಂದಲೇ ಹೆಸರು. ಬೆಳಕಿಗೆ ಈಥರ್ ಬೇಕಿಲ್ಲ ಎಂದು ಗೊತ್ತಾಗಿ ಎಷ್ಟೋ ಕಾಲವಾಗಿತ್ತು, ಹೆಸರು ಮಾತ್ರ ಕೆಲಸಕ್ಕೆ ಬಂತು. ಈಥರ್ನೆಟ್ ಬೆಳಿಗ್ಗೆ ಎಂಟೂವರೆಯ ಕಾಲೇಜು ಬಸ್ಸಿನಂತೆ. ಜಾಗ ಇದ್ದಷ್ಟು ಜನ ಹತ್ತುತ್ತಾರೆ, ಉಳಿದವರು ನಿಲ್ದಾಣದಲ್ಲೇ. ಸ್ವಿಚ್ಚಿನ ನೆನಪಿನಲ್ಲಿ ಜಾಗ ತುಂಬಿದರೆ ಹೊಸದಾಗಿ ಬಂದ ಫ್ರೇಮನ್ನು ಅದು ಬಿಸಾಡುತ್ತದೆ. ಯಾರಿಗೂ ಹೇಳುವುದಿಲ್ಲ. ಇದು ದೋಷವಲ್ಲ, ಉದ್ದೇಶಪೂರ್ವಕ ಸರಳತೆ. ಕಳೆದದ್ದನ್ನು ಮತ್ತೆ ಕಳುಹಿಸುವ ಜವಾಬ್ದಾರಿ ಮೇಲಿನ ಪದರದ ಟಿಸಿಪಿಯದು. ಈ ಸರಳತೆಯಿಂದಲೇ ಈಥರ್ನೆಟ್ ಅಗ್ಗವಾಯಿತು, ಮನೆಮನೆಗೂ ಬಂತು.

ಹೀಗೆ ದತ್ತಾಂಶ ಕೇಂದ್ರದಲ್ಲಿ ಎರಡು ಜಾಲಗಳು ಅಕ್ಕಪಕ್ಕ ಬೆಳೆದವು. ಜನರ ಬೇಡಿಕೆಗಳನ್ನು ಹೊರುವುದು ಈಥರ್ನೆಟ್, ಡಿಸ್ಕಿನ ಬ್ಲಾಕುಗಳನ್ನು ಹೊರುವುದು ಫೈಬರ್ ಚಾನೆಲ್. ಎರಡಕ್ಕೂ ಬೇರೆ ಕಾರ್ಡು, ಬೇರೆ ಸ್ವಿಚ್ಚು, ಬೇರೆ ಕೇಬಲ್ಲು, ಬೇರೆ ಪರಿಣತರು. ಒಂದು ಹಾಳಾದರೂ ಇನ್ನೊಂದು ಇರಲಿ ಎಂದು ಪ್ರತಿಯೊಂದೂ ಜೋಡಿ ಜೋಡಿ. ಒಂದು ರ್‍ಯಾಕಿನಲ್ಲಿ 20 ಸರ್ವರ್ ಇದ್ದರೆ ಸರ್ವರಿಗೆ ನಾಲ್ಕರಂತೆ 80 ಕೇಬಲ್ಲು. ಎರಡು ಜಾಲ ಒಂದಾದರೆ 40 ಸಾಕು.

ತರೀಕೆರೆಯ ಹಿರಿಯರಿಗೆ ಈ ತಾಪತ್ರಯ ಹೊಸದೇನಲ್ಲ. ಒಂದು ಕಾಲದಲ್ಲಿ ಅಲ್ಲಿಂದ ನರಸಿಂಹರಾಜಪುರಕ್ಕೆ ಎರಡಡಿ ಅಗಲದ ಹಳಿಯ ಟ್ರಾಂವೇ ಇತ್ತು. ಅದೇ ಊರಿನ ಮುಖ್ಯ ರೈಲು ಮೀಟರ್ ಗೇಜಿನದು. ಹಳಿಯ ಅಗಲ ಬೇರೆಯಾದ್ದರಿಂದ ಒಂದರ ಗಾಡಿ ಇನ್ನೊಂದರ ಮೇಲೆ ಓಡುವಂತಿಲ್ಲ. ಸರಕನ್ನು ಇಳಿಸಬೇಕು, ಮತ್ತೆ ಏರಿಸಬೇಕು. ನಮ್ಮ ಮುಖ್ಯ ಮಾರ್ಗವನ್ನೇ 1990ರ ದಶಕದಲ್ಲಿ ಬ್ರಾಡ್ ಗೇಜಿಗೆ ಬದಲಾಯಿಸಿದ್ದರ ಹಿಂದೆಯೂ ಇದೇ ಲೆಕ್ಕಾಚಾರ: ಎಲ್ಲ ಕಡೆ ಒಂದೇ ಅಗಲ ಇದ್ದರೆ ಖರ್ಚೂ ಕಡಿಮೆ, ಸಮಯವೂ ಉಳಿತಾಯ.

ಹಾಗಾದರೆ ಡಿಸ್ಕಿನ ಸರಕನ್ನು ಈಥರ್ನೆಟ್ ಮೇಲೆ ಹಾಕುವುದು ಹೇಗೆ? ಫ್ರೇಮ್ ಬಿಸಾಡುವ ಜಾಲದ ಮೇಲೆ, ಏನೂ ಕಳೆಯಬಾರದು ಎಂದು ನಂಬಿದ ಸ್ಕಸಿಯನ್ನು ಕೂರಿಸುವುದು ಹೇಗೆ? ಎರಡು ಉತ್ತರ ಬಂದವು. ಒಂದು, ರಸ್ತೆಯನ್ನು ಸರಿಪಡಿಸಿ. ಇನ್ನೊಂದು, ರಸ್ತೆ ಇದ್ದ ಹಾಗೇ ಇರಲಿ, ಪ್ರಯಾಣಿಕನನ್ನು ಗಟ್ಟಿಮಾಡಿ.

ರಸ್ತೆ ಸರಿಪಡಿಸುವ ದಾರಿಯ ಹೆಸರು ಫೈಬರ್ ಚಾನೆಲ್ ಓವರ್ ಈಥರ್ನೆಟ್, ಚುಟುಕಾಗಿ ಎಫ್‌ಸಿಒಇ. 2007ರಲ್ಲಿ ಪ್ರಸ್ತಾಪವಾಗಿ 2009ರಲ್ಲಿ ಅದರ ತಾಂತ್ರಿಕ ಕರಡು ಸಿದ್ಧವಾಯಿತು. ಕೊಂಕಣ ರೈಲ್ವೆಯಲ್ಲಿ 1999ರಿಂದ ಲಾರಿಗಳನ್ನು ಸರಕಿನ ಸಮೇತ ರೈಲಿನ ಚಪ್ಪಟೆ ಗಾಡಿಗಳ ಮೇಲೆ ಹತ್ತಿಸಿ ಸಾಗಿಸುವ ರೋ-ರೋ ಸೇವೆ ಇದೆ. ಸುರತ್ಕಲ್‌ನಲ್ಲೂ ಇದನ್ನು ನೋಡಬಹುದು. ಲಾರಿಯನ್ನು ಬಿಚ್ಚುವುದಿಲ್ಲ, ಸರಕನ್ನು ಇಳಿಸುವುದಿಲ್ಲ, ಲಾರಿಯೇ ರೈಲಿನ ಸರಕು. ಎಫ್‌ಸಿಒಇ ಕೂಡ ಇಡೀ ಫೈಬರ್ ಚಾನೆಲ್ ಫ್ರೇಮನ್ನು ಮುಟ್ಟದೆ ಈಥರ್ನೆಟ್ ಫ್ರೇಮಿನೊಳಗೆ ಇಟ್ಟು ಕಳುಹಿಸುತ್ತದೆ. ಆ ತುದಿಯಲ್ಲಿ ಇಳಿದದ್ದು ಹಳೆಯ ಫೈಬರ್ ಚಾನೆಲ್ಲೇ, ಹಾಗಾಗಿ ಸಂಸ್ಥೆಗಳ ಹಳೆಯ ಡಿಸ್ಕು ಬೀರುಗಳೂ ಹಳೆಯ ಪರಿಣತಿಯೂ ವ್ಯರ್ಥವಾಗುವುದಿಲ್ಲ.

ರೋ-ರೋದಲ್ಲಿ ಲಾರಿಯ ಎತ್ತರಕ್ಕೆ ಮಿತಿ ಇದೆ, ಇಲ್ಲದಿದ್ದರೆ ಸುರಂಗಕ್ಕೆ ತಗಲುತ್ತದೆ. ಇಲ್ಲೂ ಅದೇ ಸಮಸ್ಯೆ. ಸಾಮಾನ್ಯ ಈಥರ್ನೆಟ್ ಫ್ರೇಮಿನಲ್ಲಿ 1500 ಬೈಟು ಮಾತ್ರ ಹಿಡಿಯುತ್ತದೆ, ಫೈಬರ್ ಚಾನೆಲ್ ಫ್ರೇಮ್ 2148 ಬೈಟುಗಳವರೆಗೆ ಇರಬಹುದು. ದಾರಿಯಲ್ಲಿರುವ ಪ್ರತಿ ಸ್ವಿಚ್ಚಿನಲ್ಲೂ ಮಿತಿಯನ್ನು ಸುಮಾರು 2500ಕ್ಕೆ ಏರಿಸಬೇಕು. ಈ ಗಾತ್ರಕ್ಕೆ ಎಂಜಿನಿಯರುಗಳು ಇಟ್ಟ ಹೆಸರು 'ಬೇಬಿ ಜಂಬೋ', ಅಂದರೆ ಮರಿಯಾನೆ!

ಇದು ಸಣ್ಣ ಸಮಸ್ಯೆ. ದೊಡ್ಡದು ಫ್ರೇಮ್ ಬಿಸಾಡುವುದನ್ನು ನಿಲ್ಲಿಸುವುದು. ಈಥರ್ನೆಟ್‌ನಲ್ಲಿ 'ಸ್ವಲ್ಪ ನಿಲ್ಲು' ಎಂದು ಹೇಳುವ ಪಾಸ್ ಎಂಬ ಸಂಕೇತ ಮೊದಲೇ ಇತ್ತು. ಆದರೆ ಅದು ಆ ಕೇಬಲ್ಲಿನ ಎಲ್ಲ ಸಂಚಾರವನ್ನೂ ಒಟ್ಟಿಗೆ ನಿಲ್ಲಿಸುತ್ತದೆ. ಡಿಸ್ಕಿನ ಸಲುವಾಗಿ ಇಮೇಲೂ ನಿಲ್ಲಬೇಕು. ಆದ್ದರಿಂದ ಸಂಚಾರವನ್ನು ಎಂಟು ದರ್ಜೆಗಳಾಗಿ ವಿಂಗಡಿಸಿ, ಒಂದು ದರ್ಜೆಯನ್ನಷ್ಟೇ ನಿಲ್ಲಿಸುವ ವ್ಯವಸ್ಥೆಯನ್ನು ಐಇಇಇ 2011ರಲ್ಲಿ ಮಾನಕ ಮಾಡಿತು. ಡಿಸ್ಕಿನ ದರ್ಜೆಗೆ 'ನಿಲ್ಲು' ಎಂದಾಗ ಉಳಿದ ಏಳು ಓಡುತ್ತಲೇ ಇರುತ್ತವೆ. ಯಾವ ದರ್ಜೆಗೆ ಕೇಬಲ್ಲಿನ ಎಷ್ಟು ಪಾಲು ಎಂದು ಹಂಚಲು ಇನ್ನೊಂದು ನಿಯಮವೂ ಬಂತು.

ಕಾಗದದ ಮೇಲೆ ಬಹಳ ಚೆಂದ. ಆದರೆ ರೈಲು ಬಲ್ಲವರಿಗೆ ಮುಂದಿನ ತೊಂದರೆ ಈಗಾಗಲೇ ಹೊಳೆದಿರಬೇಕು. ಬೀರೂರಿನಲ್ಲಿ ಒಂದು ಗಾಡಿ ಕೆಟ್ಟು ನಿಂತರೆ ಅದರ ಹಿಂದಿನದು ಕಡೂರಿನಲ್ಲಿ ನಿಲ್ಲುತ್ತದೆ, ಅದರ ಹಿಂದಿನದು ಅರಸೀಕೆರೆಯಲ್ಲಿ. ಅರಸೀಕೆರೆಯಿಂದ ಹಾಸನದ ಕಡೆ ತಿರುಗಬೇಕಾಗಿದ್ದ, ಬೀರೂರಿಗೆ ಸಂಬಂಧವೇ ಇಲ್ಲದ ಗಾಡಿಯೂ ಅದರ ಹಿಂದೆ ಸಿಕ್ಕಿಹಾಕಿಕೊಳ್ಳುತ್ತದೆ. ಬಿಸಾಡುವ ಜಾಲದಲ್ಲಿ ತೊಂದರೆ ಇದ್ದಲ್ಲೇ ಮುಗಿಯುತ್ತದೆ, ನಿಲ್ಲಿಸುವ ಜಾಲದಲ್ಲಿ ಹಿಂದಕ್ಕೆ ಹರಡುತ್ತದೆ. ಮೈಕ್ರೋಸಾಫ್ಟ್ ಎಂಜಿನಿಯರುಗಳು ಇದೇ 'ನಿಲ್ಲು' ವ್ಯವಸ್ಥೆಯನ್ನು ಆರ್‌ಡಿಎಂಎ ಎಂಬ ಬೇರೊಂದು ವಿಧಾನಕ್ಕಾಗಿ ತಮ್ಮ ದತ್ತಾಂಶ ಕೇಂದ್ರಗಳಲ್ಲಿ ದೊಡ್ಡ ಮಟ್ಟದಲ್ಲಿ ಬಳಸಿ, ಕಂಡದ್ದನ್ನು 2016ರಲ್ಲಿ ಪ್ರಬಂಧವಾಗಿ ಪ್ರಕಟಿಸಿದರು. ಸ್ವಿಚ್ಚುಗಳು ಒಂದಕ್ಕೊಂದು ಕಾಯುತ್ತಾ ವೃತ್ತಾಕಾರವಾಗಿ ಸ್ತಬ್ಧವಾದದ್ದನ್ನೂ, ಕೆಟ್ಟುಹೋದ ಒಂದೇ ಕಾರ್ಡು ಸತತವಾಗಿ 'ನಿಲ್ಲು, ನಿಲ್ಲು' ಎಂದು ಕೂಗಿ ಅನೇಕ ಯಂತ್ರಗಳನ್ನು ನಿಲ್ಲಿಸಿದ್ದನ್ನೂ ಅವರು ಅಲ್ಲಿ ಬರೆದಿದ್ದಾರೆ. ಎಫ್‌ಸಿಒಇಗೆ ಇನ್ನೊಂದು ಮಿತಿಯೂ ಇದೆ: ಅದರಲ್ಲಿ ಐಪಿ ವಿಳಾಸವಿಲ್ಲ, ಹಾಗಾಗಿ ರೂಟರ್ ದಾಟುವುದಿಲ್ಲ. ಕೊನೆಗೆ ಅದು ಹೆಚ್ಚಾಗಿ ಸರ್ವರಿನಿಂದ ರ್‍ಯಾಕಿನ ಮೊದಲ ಸ್ವಿಚ್ಚಿನವರೆಗಿನ ಗಿಡ್ಡ ದಾರಿಯಲ್ಲೇ ಉಳಿಯಿತು. ಅಲ್ಲಿಂದ ಮುಂದೆ ಮತ್ತೆ ಹಳೆಯ ಫೈಬರ್ ಚಾನೆಲ್.

ಎರಡನೆಯ ದಾರಿ ಐ-ಸ್ಕಸಿ. ವಯಸ್ಸಿನಲ್ಲಿ ಇದೇ ಹಿರಿಯದು. 2004ರ ಏಪ್ರಿಲ್‌ನಲ್ಲಿ ಅಂತರಜಾಲದ ನಿಯಮ ರೂಪಿಸುವ ಐಇಟಿಎಫ್ ಇದನ್ನು 3720ನೆಯ ದಾಖಲೆಯಾಗಿ ಪ್ರಕಟಿಸಿತು. ಅದರ ಐವರು ಲೇಖಕರಲ್ಲಿ ಮೊದಲ ಹೆಸರು ಐಬಿಎಂನ ಜೂಲಿಯನ್ ಸತ್ರಾನ್ ಅವರದು, ಮಲ್ಲಿಕಾರ್ಜುನ್ ಚದಲಪಾಕ ಎಂಬ ಹೆಸರೂ ಅಲ್ಲಿದೆ. ಇವರು ಫೈಬರ್ ಚಾನೆಲ್ ಎಂಬ ಲಾರಿಯನ್ನೇ ಕೈಬಿಟ್ಟರು. ಸ್ಕಸಿ ಆದೇಶವನ್ನು ನೇರವಾಗಿ ಟಿಸಿಪಿಯ ಕೈಗೆ ಕೊಟ್ಟರು. ಟಿಸಿಪಿ ಎಂದರೆ ಸ್ವೀಕೃತಿ ಸಹಿತ ರಿಜಿಸ್ಟರ್ಡ್ ಪೋಸ್ಟ್ ಇದ್ದಂತೆ. ಪ್ರತಿ ಬೈಟಿಗೂ ಕ್ರಮಸಂಖ್ಯೆ, ತಲುಪಿದ್ದಕ್ಕೆ ರಸೀದಿ, ರಸೀದಿ ಬಾರದಿದ್ದರೆ ಮತ್ತೊಮ್ಮೆ ರವಾನೆ, ಹಿಂದುಮುಂದಾಗಿ ಬಂದರೆ ಜೋಡಿಸಿ ಕೊಡುವುದು. ಸ್ವಿಚ್ಚು ಬಿಸಾಡಿದರೂ ಸ್ಕಸಿಗೆ ಆ ಸುದ್ದಿಯೇ ಮುಟ್ಟುವುದಿಲ್ಲ. ಅದರ ಪಾಲಿಗೆ ಒಂದು ಗೇಣಿನ ಕೇಬಲ್ ಈಗಲೂ ಹಾಗೇ ಇದೆ, ಸ್ವಲ್ಪ ನಿಧಾನವಾಗಿದೆ ಅಷ್ಟೆ.

ಈ 'ಸ್ವಲ್ಪ ನಿಧಾನ' ಎನ್ನುವುದನ್ನು ಲೆಕ್ಕ ಹಾಕಿ ನೋಡಬೇಕು. ಇಂದಿನ ಎಸ್‌ಎಸ್‌ಡಿಯಿಂದ ಒಂದು ಬ್ಲಾಕ್ ಓದಲು ಸುಮಾರು 100 ಮೈಕ್ರೋಸೆಕೆಂಡ್ ಎಂದಿಟ್ಟುಕೊಳ್ಳಿ. ಒಂದು ಪ್ಯಾಕೆಟ್ ಕಳೆದು, ಅದರ ಹಿಂದೆ ಬೇರೆ ಪ್ಯಾಕೆಟ್ ಇಲ್ಲದಿದ್ದರೆ ಟಿಸಿಪಿ ಗಡಿಯಾರ ನೋಡುತ್ತಾ ಕಾಯಬೇಕು. ಲಿನಕ್ಸ್‌ನಲ್ಲಿ ಆ ಕಾಯುವಿಕೆ ಸಾಮಾನ್ಯವಾಗಿ ಕನಿಷ್ಠ 200 ಮಿಲಿಸೆಕೆಂಡ್. ಅಂದರೆ ಒಂದೇ ಪ್ಯಾಕೆಟ್ ಕಳೆದದ್ದಕ್ಕೆ 2000 ಓದುಗಳ ಸಮಯ ಹೋಯಿತು. ಹಲವು ಡಿಸ್ಕು ಬೀರುಗಳು ಒಂದೇ ಕ್ಷಣದಲ್ಲಿ ಒಬ್ಬನಿಗೇ ಉತ್ತರ ಕಳುಹಿಸಿದಾಗ ಸ್ವಿಚ್ಚು ತುಂಬಿ ಹೀಗಾಗುವುದು ಹೆಚ್ಚು. ಇದೇ ಕಾರಣಕ್ಕೆ ಫೈಬರ್ ಚಾನೆಲ್ ಬಳಗದವರು ಐ-ಸ್ಕಸಿಯನ್ನು ಬಹುಕಾಲ ಬಡವರ ಜಾಲ ಎಂಬಂತೆ ನೋಡಿದರು.

ಇನ್ನೊಂದು ಅನುಮಾನವೂ ಇತ್ತು, ಅದು ನ್ಯಾಯವಾದದ್ದೇ. ಪ್ಯಾಕೆಟ್ ಕಳೆಯದೆ, ದಾರಿಯಲ್ಲಿ ಕೆಟ್ಟು ಬಂದರೆ? ಟಿಸಿಪಿಯ ತಾಳೆ ಸಂಖ್ಯೆ 16 ಬಿಟ್ಟಿನದು. ಹೇಗೆಂದರೆ ಹಾಗೆ ಕೆಟ್ಟ ಮಾಹಿತಿಯೂ 65,536ರಲ್ಲಿ ಒಮ್ಮೆ ಆಕಸ್ಮಿಕವಾಗಿ ಸರಿಯೆಂದು ತೋರಿಬಿಡಬಹುದು. ವಿಡಿಯೊದಲ್ಲಿ ಒಂದು ಚುಕ್ಕೆ ಕೆಟ್ಟರೆ ಯಾರಿಗೂ ತಿಳಿಯುವುದಿಲ್ಲ. ಪಹಣಿಯಲ್ಲಿ ಸರ್ವೆ ನಂಬರಿನ ಒಂದು ಅಂಕಿ ಬದಲಾದರೆ? ಅದಕ್ಕಾಗಿ ಐ-ಸ್ಕಸಿಯಲ್ಲಿ ಬೇಕಾದವರಿಗೆ 32 ಬಿಟ್ಟಿನ ಇನ್ನೊಂದು ತಾಳೆಯ ಏರ್ಪಾಡು ಇದೆ. ಇದನ್ನು ಆನ್ ಮಾಡಿದರೆ ಪ್ರೊಸೆಸರಿಗೆ ಸ್ವಲ್ಪ ಕೆಲಸ ಹೆಚ್ಚು. ವೇಗದ ಆಸೆಗೆ ಇದನ್ನು ಆಫ್ ಇಡುವವರಿದ್ದಾರೆ. ಭೂದಾಖಲೆ, ಅಂಕಪಟ್ಟಿ, ಬ್ಯಾಂಕ್ ಲೆಕ್ಕದಂಥವಕ್ಕೆ ಅದು ಜಾಣತನವಲ್ಲ ಎಂಬುದು ನನ್ನ ಅಭಿಪ್ರಾಯ.

ಇಷ್ಟೆಲ್ಲ ಕುಂದುಗಳಿದ್ದೂ ಗೆದ್ದದ್ದು ಎರಡನೆಯ ದಾರಿಯ ಆಲೋಚನೆಯೇ. ಈಥರ್ನೆಟ್ಟಿನ ವೇಗ 1 ಗಿಗಾಬಿಟ್‌ನಿಂದ 10ಕ್ಕೆ, 25ಕ್ಕೆ, 100ಕ್ಕೆ ಏರಿದಂತೆ ತುಂಬಿ ತುಳುಕುವ ಸಂದರ್ಭಗಳು ಕಡಿಮೆಯಾದವು, ಪ್ರೊಸೆಸರುಗಳು ಅಗ್ಗವಾದವು. ಎಸ್‌ಎಸ್‌ಡಿಗಳಿಗೆಂದೇ ಹುಟ್ಟಿದ ಎನ್‌ವಿಎಂಇ ಭಾಷೆಯನ್ನೂ 2018ರಲ್ಲಿ ಇದೇ ರೀತಿ ಟಿಸಿಪಿ ಮೇಲೆ ಕೂರಿಸಲಾಯಿತು. ಇತ್ತ ಫೈಬರ್ ಚಾನೆಲ್ಲೂ ಸತ್ತಿಲ್ಲ, ಬ್ಯಾಂಕುಗಳಂಥ ಕಡೆ ಈಗಲೂ ಗಟ್ಟಿಯಾಗಿದೆ. ಕೃತಕ ಬುದ್ಧಿಮತ್ತೆಯ ದೊಡ್ಡ ಯಂತ್ರಸಮೂಹಗಳಲ್ಲಿ 'ಬಿಸಾಡದ ಈಥರ್ನೆಟ್' ಮತ್ತೆ ಬಳಕೆಯಲ್ಲಿದೆ, ಅದರ ಜೊತೆ ಅದೇ ಹಳೆಯ ತಲೆನೋವೂ ಇದೆ.

ಐ-ಸ್ಕಸಿಗೆ ಐಪಿ ವಿಳಾಸ ಇರುವುದರಿಂದ ಅದು ಊರಿಂದೂರಿಗೂ ಹೋಗಬಲ್ಲದು. ಹಾಗಾದರೆ ಕಡೂರಿನ ಕಂಪ್ಯೂಟರಿಗೆ ಬೆಂಗಳೂರಿನ ಡಿಸ್ಕನ್ನೇ ಸಿಕ್ಕಿಸಬಹುದಲ್ಲ? ಸಿಕ್ಕಿಸಬಹುದು, ಆದರೆ ಇಲ್ಲಿ ಭೌತಶಾಸ್ತ್ರ ಅಡ್ಡ ಬರುತ್ತದೆ. ಗಾಜಿನ ತಂತಿಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಕಡೂರಿನಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ಎಂದರೆ ಹೋಗಿಬರಲು 2 ಮಿಲಿಸೆಕೆಂಡ್. ಒಂದರ ಉತ್ತರ ಬಂದ ಮೇಲೆ ಇನ್ನೊಂದು ಎಂದು 1000 ಬ್ಲಾಕ್ ಬರೆದರೆ ಬರೀ ಪ್ರಯಾಣಕ್ಕೇ 2 ಸೆಕೆಂಡ್ ಹೋಯಿತು. ಸ್ವಿಚ್ಚು, ರೂಟರುಗಳ ಸಮಯ ಬೇರೆ. ಎಷ್ಟು ಹಣ ಸುರಿದರೂ ಈ 2 ಮಿಲಿಸೆಕೆಂಡ್ ಕಡಿಮೆಯಾಗುವುದಿಲ್ಲ. ಆದ್ದರಿಂದಲೇ ಡಿಸ್ಕು ಬೀರು ಮತ್ತು ಸರ್ವರು ಒಂದೇ ಕಟ್ಟಡದಲ್ಲಿರುತ್ತವೆ. ತಾಲೂಕು ಕಚೇರಿಯಿಂದ ಅಲ್ಲಿಗೆ ಹೋಗುವುದು ಬ್ಲಾಕುಗಳಲ್ಲ, 'ಈ ಹಕ್ಕು ಬದಲಾವಣೆ ದಾಖಲಿಸು' ಎಂಬ ಒಂದು ಪುಟ್ಟ ವಿನಂತಿ ಅಷ್ಟೆ.

ಇದನ್ನೆಲ್ಲ ಕಣ್ಣಾರೆ ನೋಡಲು ದತ್ತಾಂಶ ಕೇಂದ್ರಕ್ಕೇ ಹೋಗಬೇಕಿಲ್ಲ. ಎರಡು ಕಂಪ್ಯೂಟರ್, ಒಂದು ಸಾಮಾನ್ಯ ಸ್ವಿಚ್ ಸಾಕು. ಒಂದರಲ್ಲಿ ಲಿನಕ್ಸ್ ಹಾಕಿ, ಖಾಲಿ ಜಾಗದ ಒಂದು ತುಂಡನ್ನು ಐ-ಸ್ಕಸಿ ಟಾರ್ಗೆಟ್ ಆಗಿ ಹಂಚಬಹುದು. ಇನ್ನೊಂದು ವಿಂಡೋಸ್ ಇದ್ದರೂ ನಡೆಯುತ್ತದೆ, ಐ-ಸ್ಕಸಿ ಇನಿಷಿಯೇಟರ್ ಅದರಲ್ಲೇ ಇರುತ್ತದೆ. ಜೋಡಣೆಯಾದ ಮೇಲೆ ಆ ಕಡೆಯ ತುಂಡು ಈ ಕಡೆ ಹೊಸ ಹಾರ್ಡ್ ಡಿಸ್ಕಿನಂತೆ ಕಾಣಿಸುತ್ತದೆ, ಫಾರ್ಮ್ಯಾಟ್ ಕೂಡ ಮಾಡಬಹುದು. ಹಂಚಿದ ಫೋಲ್ಡರಿಗೂ ಇದಕ್ಕೂ ಇರುವ ವ್ಯತ್ಯಾಸ ಆಗ ತಾನಾಗಿ ತಿಳಿಯುತ್ತದೆ. ಒಂದು ದೊಡ್ಡ ಫೈಲ್ ನಕಲಾಗುತ್ತಿರುವಾಗ ನೆಟ್‌ವರ್ಕ್ ಕೇಬಲನ್ನು ಐದಾರು ಸೆಕೆಂಡು ತೆಗೆದು ಮತ್ತೆ ಹಾಕಿ. ನಕಲು ನಿಂತು, ತುಸು ಹೊತ್ತಿನಲ್ಲಿ ಮುಂದುವರಿಯಬೇಕು. ವೈರ್‌ಶಾರ್ಕ್‌ನಲ್ಲಿ 3260ನೆಯ ಪೋರ್ಟನ್ನು ಸೋಸಿ ನೋಡಿದರೆ ಟಿಸಿಪಿ ಮತ್ತೆ ಮತ್ತೆ ಕಳುಹಿಸಿದ ಪ್ಯಾಕೆಟ್ಟುಗಳು ಸಾಲಾಗಿ ಕಾಣುತ್ತವೆ.

ಎರಡು ಎಚ್ಚರಿಕೆ. ಪ್ರಯೋಗಕ್ಕೆ ಯಾರ ಪ್ರಾಜೆಕ್ಟೂ ಇಲ್ಲದ ಖಾಲಿ ಡಿಸ್ಕನ್ನೇ ಬಳಸಿ. ಒಂದೇ ಐ-ಸ್ಕಸಿ ಡಿಸ್ಕನ್ನು ಎರಡು ಕಂಪ್ಯೂಟರುಗಳಿಗೆ ಒಟ್ಟಿಗೆ ಸಿಕ್ಕಿಸಿ ಬರೆಯಬೇಡಿ. ಡಿಸ್ಕು ತನ್ನದೊಬ್ಬನದೇ ಎಂದು ಎರಡೂ ನಂಬುತ್ತವೆ, ಒಂದರ ಮೇಲೊಂದು ಬರೆಯುತ್ತವೆ, ಫೈಲುಗಳ ಪಟ್ಟಿಯೇ ಹಾಳಾಗುತ್ತದೆ. ಜಾಲ ಒಂದು ಪ್ಯಾಕೆಟ್ಟನ್ನೂ ಕಳೆಯದೆ ಎಲ್ಲವನ್ನೂ ಸರಿಯಾಗಿ ತಲುಪಿಸಿದಾಗಲೂ ಹೀಗಾಗುತ್ತದೆ.